ಬಿಚ್ಚಿದ ಪುಸ್ತಕ ಕಟ್ಟುತ್ತಾ ಓದಿದ್ದು: ‘ದಿ ಔಟ್‌ಸೈಡರ್ಸ್’

ಈ ಪುಸ್ತಕ ನನ್ನ ಕೈಗೆ ಬಂದದ್ದು ಓದಲಿಕ್ಕೆ ಅಲ್ಲ, ಕಟ್ಟಲಿಕ್ಕೆ.

ನನ್ನ ತಮ್ಮ ಧಾರವಾಡದಲ್ಲಿ ಮಾಸ್ತರ. ಅವನ ಮಗಳು ಒಂಬತ್ತನೇ ಕ್ಲಾಸು. ದಸರಾ ಸೂಟಿಗೆ ಗದಗಿಗೆ ಬಂದಾಗ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಇಂಗ್ಲಿಷ್ ಕಾದಂಬರಿ ತಂದಿದ್ದಳು. ಬೆನ್ನು ಕಿತ್ತು ಹೋಗಿತ್ತು. ಹಾಳೆಗಳೆಲ್ಲ ಬಿಡಿಬಿಡಿ. ಮೇಲೆ ಎರಡು ರಬ್ಬರ್ ಬ್ಯಾಂಡ್ ಹಾಕಿದ್ದಳು. “ದೊಡ್ಡಪ್ಪಾ, ಇದನ್ನ ಸರಿ ಮಾಡಿ ಕೊಡ್ರಿ. ಸೂಟಿ ಮುಗಿಯೂದ್ರಾಗ ಪ್ರಾಜೆಕ್ಟ್ ಬರೀಬೇಕು” ಅಂದಳು.

ನಾನು ಗದಗಿನಲ್ಲಿ ಬೈಂಡಿಂಗ್ ಕೆಲಸ ಮಾಡುತ್ತೇನೆ. ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಹೆಸರಾದ ಊರು ಇದು. ಪಂಚಾಂಗ, ಪುರಾಣ, ನಾಟಕದ ಪುಸ್ತಕ, ಶಾಲೆ ಮಕ್ಕಳ ಪಟ್ಟಿ, ಲಗ್ನಪತ್ರಿಕೆ, ಬಿಲ್ ಬುಕ್ಕು ಎಲ್ಲ ಇಲ್ಲಿ ಆಗುತ್ತವೆ. 1993ರಿಂದ ನನ್ನದು ಇದೇ ಕೆಲಸ. ಕೈಯಿಂದ ದಾಟಿ ಹೋದ ಪುಸ್ತಕಗಳಿಗೆ ಲೆಕ್ಕವಿಲ್ಲ. ಓದಿದ್ದು ಮಾತ್ರ ಕಡಿಮೆ. ಬೈಂಡಿಂಗ್ ಮಾಡುವವನು ಪುಟದ ನಂಬರು ನೋಡುತ್ತಾನೆ, ಸಾಲು ನೋಡುವುದಿಲ್ಲ.

ಇದರಲ್ಲಿ ಸಾಲು ನೋಡಬೇಕಾಯಿತು. ಬಿಚ್ಚಿದ ಪುಸ್ತಕ ಕಟ್ಟುವಾಗ ಮೊದಲ ಹಾಳೆ, ಕೊನೆಯ ಹಾಳೆ ಎರಡನ್ನೂ ತೆಗೆದು ಪಕ್ಕಕ್ಕೆ ಇಡುತ್ತೇನೆ. ಜಾಸ್ತಿ ಹರಿದಿರುವುದು ಅವೇ. ಎರಡನ್ನೂ ರಟ್ಟಿನ ಮೇಲೆ ಪಕ್ಕಪಕ್ಕ ಹರವಿ ಅಂಚಿಗೆ ತೆಳು ಕಾಗದ ಅಂಟಿಸುತ್ತಿದ್ದೆ. ಮೊದಲ ಹಾಳೆಯ ಮೊದಲ ಸಾಲು ಕಣ್ಣಿಗೆ ಬಿತ್ತು. ಒಬ್ಬ ಹುಡುಗ ಸಿನಿಮಾ ಟಾಕೀಸಿನ ಕತ್ತಲೆಯಿಂದ ಬಿಸಿಲಿಗೆ ಬರುತ್ತಾನೆ. ಪಕ್ಕದ ಹಾಳೆಯ ಕೊನೆಯ ಸಾಲು ನೋಡಿದೆ. ಅಲ್ಲೂ ಅದೇ ಟಾಕೀಸು, ಅದೇ ಬಿಸಿಲು. ಅಕ್ಷರ ಬಿಡದೆ ಅದೇ ಸಾಲು.

ಮಿಸ್‌ಪ್ರಿಂಟ್ ಅಂದುಕೊಂಡೆ. ಪ್ಲೇಟ್ ಮಾಡುವಾಗ ಪುಟ ಆಚೀಚೆ ಆದರೆ ಒಂದು ಕಡೆಯ ಮ್ಯಾಟರ್ ಇನ್ನೊಂದು ಕಡೆ ಬಂದುಬಿಡುತ್ತದೆ, ನಾನು ಎಷ್ಟೋ ಸಲ ನೋಡಿದ್ದೇನೆ. ಆದರೆ ಪುಟದ ನಂಬರು ಸರಿ ಇತ್ತು. ಮೇಲಿನ ಸಾಲುಗಳಿಗೆ ಅದು ಹೊಂದಿಕೊಂಡೇ ಇತ್ತು. ಹುಡುಗಿಯನ್ನು ಕೂಗಿ ತೋರಿಸಿದೆ. “ತಪ್ಪಲ್ಲ ದೊಡ್ಡಪ್ಪಾ, ಕಥೀನ ಹಂಗೈತಿ. ಓದಿದ್ರ ಗೊತ್ತಾಗ್ತೈತಿ” ಅಂದು ಆಡಲು ಹೋದಳು.

ಅವತ್ತು ರಾತ್ರಿ ಓದಲು ಕೂತೆ. ನಾಲ್ಕು ರಾತ್ರಿ ಹಿಡಿಯಿತು. ನನ್ನ ಇಂಗ್ಲಿಷ್ ಪಿಯುಸಿವರೆಗಿನದು. ಆದರೂ ಓದಲು ಬಂತು, ಯಾಕೆಂದರೆ ಇದನ್ನು ಬರೆದದ್ದೇ ಒಬ್ಬ ಶಾಲೆ ಹುಡುಗಿ. ಎಸ್. ಇ. ಹಿಂಟನ್ ಇದನ್ನು ಶುರು ಮಾಡಿದಾಗ ಆಕೆಗೆ 15 ವರ್ಷ. 1967ರಲ್ಲಿ ಪುಸ್ತಕ ಹೊರಬಂದಾಗ 18. ಅಮೆರಿಕಾದ ಒಕ್ಲಹೋಮಾ ರಾಜ್ಯದ ತುಲ್ಸಾ ಊರಲ್ಲಿ ಬೆಳೆದವಳು. ಅವಳ ಗೆಳೆಯನೊಬ್ಬ ಸಿನಿಮಾ ನೋಡಿ ನಡೆದುಕೊಂಡು ಬರುವಾಗ ಕೆಲವು ಹುಡುಗರು ಹಿಡಿದು ಹೊಡೆದರಂತೆ. ಆ ಸಿಟ್ಟಿನಲ್ಲಿ ಬರೆಯಲು ಕೂತಳು. ಪೂರ್ತಿ ಹೆಸರು ಸೂಸನ್ ಎಲೋಯಿಸ್. ಗಂಡು ಹುಡುಗರ ಹೊಡೆದಾಟದ ಕತೆಯನ್ನು ಹೆಣ್ಣುಮಗಳು ಬರೆದಿದ್ದಾಳೆ ಅಂದರೆ ವಿಮರ್ಶೆ ಬರೆಯುವವರು ಮೂಗು ಮುರಿದಾರು ಅಂತ ಪ್ರಕಾಶಕರು ಹೆಸರನ್ನು ಎರಡು ಅಕ್ಷರಕ್ಕೆ ಇಳಿಸಿದರು. ಅದನ್ನು ಕೇಳಿ ಬೇಜಾರಾಯಿತು. ಹದಿನಾರರ ಹುಡುಗಿ ಇಷ್ಟು ಗಟ್ಟಿಯಾಗಿ ಬರೆದಿದ್ದಾಳೆ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಮುಖಪುಟಕ್ಕೆ ಹಾಕಬೇಕಿತ್ತು.

ಕತೆ ಹೀಗೆ. ಊರಲ್ಲಿ ಎರಡು ಗುಂಪು. ಪೂರ್ವದ ಕಡೆ ಬಡವರ ಹುಡುಗರು, ಕೂದಲು ಉದ್ದ ಬಿಟ್ಟು ಎಣ್ಣೆಯಂಥದ್ದು ಬಳಿದುಕೊಂಡು ಹಿಂದಕ್ಕೆ ಬಾಚುವವರು. ಅದಕ್ಕೇ ಅವರಿಗೆ ಗ್ರೀಸರ್ ಅಂತ ಹೆಸರು. ಪಶ್ಚಿಮದ ಕಡೆ ಕಾರು ಇರುವವರ ಮಕ್ಕಳು. ಅವರು ಸೋಶಿಯಲ್‌ಗಳು, ಬಾಯಲ್ಲಿ ಸೋಶ್ ಆಗಿದ್ದಾರೆ. ಕತೆ ಹೇಳುವವನು 14 ವರ್ಷದ ಪೋನಿಬಾಯ್. ಅದು ಅಡ್ಡಹೆಸರಲ್ಲ, ಅಪ್ಪನೇ ಇಟ್ಟ ಹೆಸರು. ಅವನ ಅಣ್ಣ ಸೋಡಾಪಾಪ್, ಶಾಲೆ ಬಿಟ್ಟು ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವವನು, ನಗುಮುಖದವನು. ಎಲ್ಲರಿಗಿಂತ ದೊಡ್ಡವನು ಡ್ಯಾರಿ, 20 ವರ್ಷ. ಎಂಟು ತಿಂಗಳ ಹಿಂದೆ ಅಪ್ಪ ಅಮ್ಮ ಕಾರು ಅಪಘಾತದಲ್ಲಿ ಹೋಗಿದ್ದಾರೆ. ಮನೆ ನಡೆಸುವವನು ಡ್ಯಾರಿ. ತಮ್ಮಂದಿರು ಏನಾದರೂ ಗಲಾಟೆಗೆ ಸಿಕ್ಕಿಬಿದ್ದರೆ ಸರ್ಕಾರದವರು ಅವರನ್ನು ಎತ್ತಿಕೊಂಡು ಹೋಗಿ ಬೇರೆ ಕಡೆ ಹಾಕುತ್ತಾರೆ. ಆ ಕತ್ತಿ ಮೂವರ ತಲೆ ಮೇಲೂ ತೂಗುತ್ತಲೇ ಇರುತ್ತದೆ.

ಹುಡುಗಿಯ ಪ್ರಾಜೆಕ್ಟ್ ಹಾಳೆಯಲ್ಲಿ ಮೂರು ಚೌಕ ಇದ್ದವು. ಪಾತ್ರಗಳು, ಆಶಯ, ಸಾಹಿತ್ಯದ ತಂತ್ರಗಳು. ಒಂದೊಂದಕ್ಕೂ ಅಂಗೈ ಅಗಲದ ಜಾಗ. ಅವಳು ಡ್ಯಾರಿಯ ಮುಂದೆ ಪೆನ್ಸಿಲ್ಲಿನಲ್ಲಿ ಬರೆದಿದ್ದಳು: ಸಿಟ್ಟಿನವನು, ಕಠೋರ, ತಮ್ಮನ ಮೇಲೆ ಪ್ರೀತಿ ಕಡಿಮೆ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಈ ಬರಹ ಬರೆಯುತ್ತಿರುವುದೂ ಅದಕ್ಕೇ.

ಡ್ಯಾರಿ ಮನೆಗಳಿಗೆ ಛಾವಣಿ ಹಾಕುವ ಕೆಲಸದವನು. ಮೊದಲ ಅಧ್ಯಾಯದಲ್ಲೇ ಒಂದು ಸಣ್ಣ ಮಾತು ಬರುತ್ತದೆ, ಅವಸರದಲ್ಲಿ ಓದುವವರು ದಾಟಿ ಹೋಗುತ್ತಾರೆ. ಛಾವಣಿಯ ಸಾಮಾನಿನ ಎರಡು ಕಟ್ಟನ್ನು ಒಂದೇ ಸಲಕ್ಕೆ ಏಣಿ ಹತ್ತಿಸಲು ಹೋಗಿ ಮೈ ಉಳುಕಿಸಿಕೊಂಡಿದ್ದಾನೆ. ಅಷ್ಟೇ. ನಾನು ಅಲ್ಲಿ ನಿಂತುಬಿಟ್ಟೆ. ಎರಡು ಕಟ್ಟು ಯಾಕೆ ಎತ್ತುತ್ತಾರೆ ಅಂತ ಎತ್ತಿದವನಿಗೆ ಗೊತ್ತು. ನಾನು ಇಪ್ಪತ್ತರಲ್ಲಿ ಕಾಗದದ ರೀಮು ಹೊತ್ತು ಮಾಳಿಗೆ ಹತ್ತುತ್ತಿದ್ದೆ. ಎಲ್ಲರೂ ಎರಡು ರೀಮು ತಂದರೆ ನಾನು ನಾಲ್ಕು. ಬೇಗ ಮುಗಿದರೆ ಇನ್ನೊಂದು ಪ್ರೆಸ್ಸಿಗೆ ಹೋಗಿ ಫಾರ್ಮ್, ಅಂದರೆ ಅಚ್ಚಾದ ದೊಡ್ಡ ಹಾಳೆ, ಮಡಚಬಹುದು. ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ತಂಗಿ ಇದ್ದಳು, ತಮ್ಮ ಇದ್ದ. ಅಪ್ಪ ಅಚ್ಚಿನ ಮೊಳೆ ಜೋಡಿಸುವ ಕಂಪೋಜಿಟರ್ ಆಗಿದ್ದರು, 1993ರಲ್ಲಿ ತೀರಿಕೊಂಡರು. ನನಗೆ ಧಾರವಾಡದಲ್ಲಿ ಬಿ.ಎ. ಸೀಟು ಸಿಕ್ಕಿತ್ತು. ಹೋಗಲಿಲ್ಲ. ಡ್ಯಾರಿಗೂ ಫುಟ್‌ಬಾಲ್ ಆಟದ ಮೇಲೆ ಸ್ಕಾಲರ್‌ಶಿಪ್ ಸಿಕ್ಕಿರುತ್ತದೆ. ಅದಿದ್ದರೂ ಕಾಲೇಜಿಗೆ ಹಣ ಸಾಲುವುದಿಲ್ಲ. ಅವನೂ ಹೋಗುವುದಿಲ್ಲ.

ಆದರೆ ಇದನ್ನೆಲ್ಲ ನಮಗೆ ಹೇಳುತ್ತಿರುವವನು ಯಾರು? ಪೋನಿಬಾಯ್. ಅಣ್ಣ ತನ್ನನ್ನು ಕಂಡರೆ ಉರಿದು ಬೀಳುತ್ತಾನೆ, ಒಂದು ಕೆಲಸವೂ ಅವನಿಗೆ ಸರಿ ಕಾಣುವುದಿಲ್ಲ ಅಂತ ನಂಬಿರುವ ಹುಡುಗ. ಡ್ಯಾರಿಯ ಕಣ್ಣು ತಿಳಿ ನೀಲಿ ಹಸಿರು ಮಂಜುಗಡ್ಡೆಯ ಎರಡು ತುಂಡಿನ ಹಾಗೆ ಅಂತ ಶುರುವಿನಲ್ಲೇ ಹೇಳುತ್ತಾನೆ. ಅವನು ಹೇಳಿದ್ದನ್ನು ನಾವೂ ನಂಬುತ್ತೇವೆ. ಕತೆ ಹೇಳುವವನ ಮಾತು ನಂಬದೆ ಓದುವುದು ಹೇಗೆ, ಅಲ್ವಾ? ನಮ್ಮ ಹುಡುಗಿ ‘ಪ್ರೀತಿ ಕಡಿಮೆ’ ಅಂತ ಬರೆದದ್ದು ಅವಳ ತಪ್ಪಲ್ಲ. ಹಿಂಟನ್ ಹೂಡಿದ ಆಟ ಅದು. ಹೇಳುವವನ ಕಣ್ಣಿಗೆ ಬಿದ್ದದ್ದೆಲ್ಲ ಪುಟದ ಮೇಲಿದೆ, ಅದರ ಅರ್ಥ ಅವನಿಗೆ ಆಗಿಲ್ಲ. ಏಣಿ ಹತ್ತಿದ್ದು ಇದೆ. ಬಿಟ್ಟ ಕಾಲೇಜು ಇದೆ. ಅಣ್ಣನಿಗೆ ನಿನ್ನ ಮೇಲೆ ಪ್ರೀತಿ ಬಹಳ ಅಂತ ಸೋಡಾಪಾಪ್ ಹಾಸಿಗೆಯಲ್ಲಿ ಮಲಗಿ ಹೇಳುವ ಮಾತೂ ಇದೆ. ಓದುಗರು ಬೇಕಾದರೆ ಆಗಲೇ ಡ್ಯಾರಿಯನ್ನು ಕಾಣಬಹುದು. ಹುಡುಗ ಮಾತ್ರ ಕಾಣುವುದಿಲ್ಲ.

ಒಂದು ರಾತ್ರಿ ಪೋನಿಬಾಯ್ ಗೆಳೆಯ ಜಾನಿಯ ಜೊತೆ ಖಾಲಿ ಜಾಗದಲ್ಲಿ ಮಾತಾಡುತ್ತಾ ನಿದ್ದೆ ಹೋಗುತ್ತಾನೆ. ಮನೆಗೆ ಬಂದಾಗ ರಾತ್ರಿ ಎರಡು ಗಂಟೆ. ಡ್ಯಾರಿ ಎದ್ದೇ ಕೂತಿದ್ದಾನೆ. ಮಾತಿಗೆ ಮಾತು ಬೆಳೆಯುತ್ತದೆ. ಡ್ಯಾರಿ ತಮ್ಮನ ಕೆನ್ನೆಗೆ ಹೊಡೆಯುತ್ತಾನೆ. ಆ ಮನೆಯಲ್ಲಿ ಅದುವರೆಗೆ ಯಾರೂ ಅವನ ಮೇಲೆ ಕೈ ಮಾಡಿದ್ದಿಲ್ಲ. ಹುಡುಗ ಬಾಗಿಲು ತೆಗೆದು ಓಡುತ್ತಾನೆ. ಮುಂದಿನ ಕತೆಯೆಲ್ಲ ಆ ಒಂದು ಏಟಿನಿಂದ ಹುಟ್ಟುತ್ತದೆ. ಪಾರ್ಕಿನಲ್ಲಿ ಸೋಶ್‌ಗಳು ಸಿಗುತ್ತಾರೆ, ಪೋನಿಬಾಯ್‌ನ ತಲೆಯನ್ನು ಕಾರಂಜಿಯ ನೀರಲ್ಲಿ ಅದುಮುತ್ತಾರೆ. ಜಾನಿ ಚಾಕು ತೆಗೆಯುತ್ತಾನೆ. ಬಾಬ್ ಅನ್ನುವ ಹುಡುಗ ಸಾಯುತ್ತಾನೆ.

ನಾನೂ ಹೊಡೆದಿದ್ದೇನೆ. 1994ರಲ್ಲಿ, ತೋಂಟದಾರ್ಯ ಮಠದ ಜಾತ್ರೆಯ ಸಮಯ. ತಮ್ಮ ಆಗ ಒಂಬತ್ತನೇ ಕ್ಲಾಸು, ಈಗ ಅವನ ಮಗಳು ಇರುವಷ್ಟೇ. ಜಾತ್ರೆಗೆ ಹೋದವನು ರಾತ್ರಿ ಒಂದೂವರೆ ಆದರೂ ಬರಲಿಲ್ಲ. ನಾನು ಎರಡು ಸಲ ಓಣಿ ತುದಿಯವರೆಗೆ ಹೋಗಿ ಬಂದಿದ್ದೆ. ಬಂದ. ನಗುತ್ತಾ ಬಂದ. ಕಪಾಳಕ್ಕೆ ಹೊಡೆದೆ. ಒಂದು ಮಾತು ಆಡದೆ ಹೊರಗೆ ಹೋದ. ಹುಡುಕಿ ಹುಡುಕಿ ಸಾಕಾಗಿ ಕಡೆಗೆ ಸ್ಟೇಷನ್ನಿಗೆ ಹೋದರೆ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದ. ಎಬ್ಬಿಸಲು ಧೈರ್ಯ ಬರಲಿಲ್ಲ. ದೂರದಲ್ಲಿ ಒಂದು ಕಂಬದ ಹತ್ತಿರ ನಿಂತೆ. ಒಂದು ಗೂಡ್ಸ್ ಗಾಡಿ ಹೋಯಿತು. ಬೆಳಕು ಹರಿದ ಮೇಲೆ ಆಗಷ್ಟೇ ಬಂದವನ ಹಾಗೆ ಹೋಗಿ ಎಬ್ಬಿಸಿದೆ. ಇಬ್ಬರೂ ಚಹಾ ಕುಡಿದೆವು. ಆ ಮೇಲೆ ಮೂವತ್ತು ವರ್ಷ ದಾಟಿತು, ಆ ರಾತ್ರಿಯ ಮಾತು ನಮ್ಮಿಬ್ಬರ ನಡುವೆ ಒಮ್ಮೆಯೂ ಬಂದಿಲ್ಲ.

ಹಾಗಾಗಿ ಆಸ್ಪತ್ರೆಯ ಪುಟಗಳನ್ನು ನಾನು ಎರಡು ಸಲ ಓದಿದೆ. ಪೋನಿಬಾಯ್ ಮತ್ತು ಜಾನಿ ಗೂಡ್ಸ್ ರೈಲು ಹತ್ತಿ ಓಡಿ ಹೋಗಿ, ಗುಡ್ಡದ ಮೇಲಿನ ಪಾಳು ಚರ್ಚಿನಲ್ಲಿ ಅಡಗಿರುತ್ತಾರೆ. ಆ ಚರ್ಚಿಗೆ ಬೆಂಕಿ ಬೀಳುತ್ತದೆ, ಒಳಗೆ ಸಿಕ್ಕಿಕೊಂಡ ಚಿಕ್ಕ ಮಕ್ಕಳನ್ನು ಇವರು ಹೊರಗೆ ತರುತ್ತಾರೆ. ಜಾನಿಯ ಮೇಲೆ ಸೂರು ಬೀಳುತ್ತದೆ. ಆಸ್ಪತ್ರೆಗೆ ಡ್ಯಾರಿ ಬರುತ್ತಾನೆ. ಬಾಗಿಲ ಹತ್ತಿರವೇ ನಿಂತುಬಿಡುತ್ತಾನೆ. ಮೊದಲು ಬಂದು ತಬ್ಬಿಕೊಳ್ಳುವವನು ಸೋಡಾ. ಆಮೇಲೆ ಪೋನಿಬಾಯ್ ನೋಡುತ್ತಾನೆ, ಡ್ಯಾರಿಯ ಕಣ್ಣಲ್ಲಿ ನೀರು. ಅಪ್ಪ ಅಮ್ಮ ಸತ್ತಾಗಲೂ ಅಳದವನು. ಶುರುವಿನಲ್ಲಿ ಮಂಜುಗಡ್ಡೆ ಅಂದಿದ್ದನಲ್ಲ, ಅದು ಇಲ್ಲಿ ಕರಗುತ್ತದೆ. ಲೇಖಕಿ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಹೋಲಿಕೆಯನ್ನು ಅಲ್ಲಿ ಇಟ್ಟು, ಅಷ್ಟು ಪುಟ ಆದ ಮೇಲೆ ನೀರನ್ನು ಇಲ್ಲಿ ತೋರಿಸಿದ್ದಾಳೆ. ಇನ್ನೊಬ್ಬರನ್ನು ಕಳೆದುಕೊಳ್ಳುವ ಹೆದರಿಕೆಯೇ ಅಣ್ಣನ ಸಿಟ್ಟು ಅಂತ ಹುಡುಗನಿಗೆ ಆಗ ತಿಳಿಯುತ್ತದೆ.

ಪ್ರಾಜೆಕ್ಟಿನ ಮೂರನೇ ಚೌಕಕ್ಕೆ ಹುಡುಗಿ ಮತ್ತು ನಾನು ಕೂತು ಬಹಳ ಹುಡುಕಿದೆವು. ಒಮ್ಮೆ ಕಣ್ಣಿಗೆ ಬಿದ್ದರೆ ಎಲ್ಲ ಕಡೆ ಕಾಣಲು ಶುರುವಾಗುತ್ತವೆ. ಈ ಪುಸ್ತಕದಲ್ಲಿ ಯಾರೇ ಬರಲಿ, ಹುಡುಗ ಅವರ ಕಣ್ಣನ್ನು ಹೇಳದೆ ಮುಂದೆ ಹೋಗುವುದಿಲ್ಲ. ಜಾನಿಯ ಪೆಟ್ಟು ತಿಂದ ನಾಯಿಮರಿ ಕಣ್ಣು, ಗ್ರೀಸರ್ ಗುಂಪಿನ ಒರಟ ಹುಡುಗ ಡ್ಯಾಲಿಯ ದ್ವೇಷ ತುಂಬಿದ ಕಣ್ಣು, ಸೋಡಾನ ನಗುವ ಕಣ್ಣು. ಮುಂದೆ ಆಗುವುದಕ್ಕೆ ಮೊದಲೇ ಬೀಜ ಹಾಕುವುದೂ ಹಾಗೆಯೇ. ಜಾನಿಯನ್ನು ಹಿಂದೊಮ್ಮೆ ಸೋಶ್‌ಗಳು ಸಾಯುವ ಹಾಗೆ ಹೊಡೆದಿರುತ್ತಾರೆ. ಹೊಡೆದವನ ಬೆರಳಲ್ಲಿ ಉಂಗುರಗಳಿದ್ದವು. ಅಂದಿನಿಂದ ಜಾನಿಯ ಜೇಬಲ್ಲಿ ಚಾಕು. ಮುಂದೆ ಬಾಬ್ ಕಾಣಿಸಿಕೊಂಡಾಗ ಅವನ ಕೈಯಲ್ಲಿ ಮೂರು ದಪ್ಪ ಉಂಗುರ. ಇನ್ನು ಏನು ಹೇಳಬೇಕು? ಉಂಗುರ ನೋಡಿದ ಕೂಡಲೇ ನನಗೆ ಚಾಕು ನೆನಪಾಯಿತು, ಹೊಟ್ಟೆಯಲ್ಲಿ ಸಂಕಟ ಶುರುವಾಯಿತು.

ಕೂದಲಿನ ಮಾತು ಹುಡುಗಿಯೇ ಹಿಡಿದದ್ದು. ಬಡ ಹುಡುಗರಿಗೆ ಅವರ ಕೂದಲೇ ಆಸ್ತಿ. ತಲೆಮರೆಸಿಕೊಂಡಾಗ ಜಾನಿ, ಪೋನಿಬಾಯ್ ಒಬ್ಬರ ಕೂದಲನ್ನು ಇನ್ನೊಬ್ಬರು ಚಾಕುವಿನಿಂದಲೇ ಕತ್ತರಿಸಬೇಕಾಗುತ್ತದೆ, ಪೋನಿಬಾಯ್‌ನ ಕೂದಲಿಗೆ ಬಣ್ಣ ಕೆಡಿಸುವ ದ್ರಾವಣ ಹಾಕುತ್ತಾರೆ. ಕನ್ನಡಿಯಲ್ಲಿ ನೋಡಿಕೊಂಡರೆ ಅವನಿಗೆ ಅವನೇ ಗುರುತು ಸಿಗುವುದಿಲ್ಲ. “ಕೂದಲಾ ಹೋತು, ಅವನ ಗುಂಪಾ ಹೋತು, ಈಗ ಅವ ಬರೇ ಒಬ್ಬ ಹುಡುಗ” ಅಂದಳು. ಅದನ್ನು ಹಾಗೇ ಬರಿ ಅಂದೆ.

ಸೂರ್ಯ ಮುಳುಗುವುದು ಇಡೀ ಪುಸ್ತಕದಲ್ಲಿ ಹಾದು ಹೋಗುವ ದಾರ. ಚೆರ್ರಿ ಅನ್ನುವ ಸೋಶ್ ಹುಡುಗಿಯ ಜೊತೆ ಪೋನಿಬಾಯ್ ಮಾತಾಡುವಾಗ, ಅವಳ ಮನೆಯಿಂದಲೂ ತನ್ನ ಮನೆಯ ಹಿಂಬಾಗಿಲಿನಿಂದಲೂ ಕಾಣುವುದು ಒಂದೇ ಸಂಜೆ ಅಂತ ಅವನಿಗೆ ಹೊಳೆಯುತ್ತದೆ. ಇದನ್ನು ಓದಿದ ಮರುದಿನ ಸಂಜೆ ಹುಡುಗಿಯನ್ನು ಕರೆದುಕೊಂಡು ಭೀಷ್ಮ ಕೆರೆಗೆ ಹೋಗಿದ್ದೆ. ದಂಡೆ ಮೇಲೆ ಕಾರಿನಲ್ಲಿ ಬಂದ ಕುಟುಂಬ ಒಂದು ಕೂತಿತ್ತು, ಮಿರ್ಚಿ ಗಾಡಿಯವನ ಮಗ ಒಬ್ಬ ತಟ್ಟೆ ಹಿಡಿದು ನಿಂತಿದ್ದ. ನೀರು ಕೆಂಪಾಗಿತ್ತು. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ನಾನು ಏನೂ ಹೇಳಲಿಲ್ಲ, ಅವಳೇ ನನ್ನ ಕೈ ಹಿಸುಕಿದಳು.

ಚರ್ಚಿನಲ್ಲಿ ಅಡಗಿದ್ದಾಗ ಬೆಳಗಿನ ಜಾವ ಮಂಜು ಬಂಗಾರದ ಬಣ್ಣಕ್ಕೆ ತಿರುಗುವುದನ್ನು ನೋಡಿ ಪೋನಿಬಾಯ್ ಒಂದು ಪದ್ಯ ಹೇಳುತ್ತಾನೆ. ರಾಬರ್ಟ್ ಫ್ರಾಸ್ಟ್ 1923ರಲ್ಲಿ ಬರೆದ ಎಂಟು ಸಾಲಿನ ಪದ್ಯ. ಪ್ರಕೃತಿಯ ಮೊದಲ ಚಿಗುರು ಬಂಗಾರ, ಅದು ನಿಲ್ಲುವುದಿಲ್ಲ ಅನ್ನುವುದು ಅದರ ಸಾರ. ಬೇಂದ್ರೆಯವರ ಊರಿನ ಹುಡುಗಿಗೆ ಬೆಳಗಿನ ಮೇಲೆ ಪದ್ಯ ಅಂದರೆ ಬಿಡಿಸಿ ಹೇಳಬೇಕಿಲ್ಲ. ಆದರೆ ಜಾನಿ ಸಾಯುವ ಮುಂಚೆ ಬಂಗಾರವಾಗೇ ಉಳಿ ಅಂತ ಗೆಳೆಯನಿಗೆ ಯಾಕೆ ಹೇಳಿದ ಅಂತ ಅವಳಿಗೂ ಪೂರ್ತಿ ತಿಳಿದಿರಲಿಲ್ಲ. ಅದಕ್ಕೆ ಉತ್ತರ ಕೊನೆಯಲ್ಲಿ ಒಂದು ಚೀಟಿಯಲ್ಲಿ ಬರುತ್ತದೆ. ಅಡಗಿದ್ದ ದಿನಗಳಲ್ಲಿ ಇಬ್ಬರೂ ಓದಿದ ಒಂದು ದಪ್ಪ ಕಾದಂಬರಿಯೊಳಗೆ ಜಾನಿ ಇಟ್ಟ ಕಾಗದ. ಚಿಕ್ಕವರಿದ್ದಾಗ ಎಲ್ಲ ಹೊಸದಾಗಿ ಕಾಣುತ್ತದಲ್ಲ, ಅದೇ ಬಂಗಾರ ಅಂತ ಬರೆದಿರುತ್ತಾನೆ. ಡ್ಯಾಲಿಗೂ ಒಂದು ಸಲ ಸಂಜೆ ಸೂರ್ಯನನ್ನು ನೋಡಲು ಹೇಳು ಅನ್ನುತ್ತಾನೆ. ಅಷ್ಟು ಹೊತ್ತಿಗೆ ಡ್ಯಾಲಿ ಇರುವುದಿಲ್ಲ.

ಪುಸ್ತಕದೊಳಗಿನ ಕಾಗದ ಅಂದರೆ ನನಗೆ ಬರೀ ಕತೆಯ ತಂತ್ರ ಅಲ್ಲ. ಬೈಂಡಿಂಗ್‌ಗೆ ಬಂದ ಪುಸ್ತಕ ಬಿಚ್ಚಿದರೆ ಏನೇನೋ ಸಿಗುತ್ತವೆ. ನವಿಲುಗರಿ, ಬಸ್ಸಿನ ಟಿಕೆಟ್, ಒಣಗಿದ ಬಿಲ್ವಪತ್ರೆ. ಒಮ್ಮೆ ಹಳೆಯ ಪುರಾಣವೊಂದರಲ್ಲಿ ನೀಲಿ ಇನ್‌ಲ್ಯಾಂಡ್ ಪತ್ರ ಸಿಕ್ಕಿತು, ಒಡೆದೇ ಇರಲಿಲ್ಲ. ಪುಸ್ತಕ ತಂದ ಅಜ್ಜಿಗೆ ಕೊಟ್ಟೆ. ಅವರು ಅದನ್ನು ಒಡೆಯದೆ ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು. ಜಾನಿಯ ಕಾಗದ ಓದುವಾಗ ನನಗೆ ಆ ಸೆರಗಿನ ಗಂಟು ಕಂಡಿತು.

ಆ ಕಾಗದ ಓದಿದ ಮೇಲೆಯೇ ಪೋನಿಬಾಯ್ ಇಂಗ್ಲಿಷ್ ಮಾಸ್ತರಿಗೆ ಕೊಡಬೇಕಾದ ಪ್ರಬಂಧ ಬರೆಯಲು ಕೂರುತ್ತಾನೆ. ಮೊದಲ ಸಾಲು ಏನು ಬರೆಯುತ್ತಾನೆ? ಟಾಕೀಸಿನ ಕತ್ತಲೆಯಿಂದ ಬಿಸಿಲಿಗೆ ಬಂದದ್ದು. ನಾವು ಇಷ್ಟು ಹೊತ್ತು ಓದಿದ್ದು ಆ ಪ್ರಬಂಧವನ್ನೇ. ನಾನು ಮಿಸ್‌ಪ್ರಿಂಟ್ ಅಂದುಕೊಂಡದ್ದು ಇದನ್ನು. ಹಾಳೆ ಪಕ್ಕಪಕ್ಕ ಇಟ್ಟು ಮೊದಲೇ ನೋಡಿಬಿಟ್ಟಿದ್ದರೂ, ಓದಿ ಅಲ್ಲಿಗೆ ಬಂದು ಮುಟ್ಟಿದಾಗ ಮೈ ಜುಮ್ಮೆಂದಿತು. ಎರಡನೇ ಸಲ ಓದುವಾಗ ಮೊದಲ ಸಾಲು ಬೇರೆಯೇ ಕೇಳಿಸುತ್ತದೆ. ಬರೆಯುತ್ತಿರುವ ಹುಡುಗನಿಗೆ ಜಾನಿ ಇಲ್ಲ ಅಂತ ಗೊತ್ತು. ಅಣ್ಣ ಎಂಥವನು ಅಂತಲೂ ಗೊತ್ತು. ಗೊತ್ತಿದ್ದೂ, ಗೊತ್ತಿಲ್ಲದ ದಿನಗಳನ್ನು ಆಗ ಕಂಡ ಹಾಗೇ ಬರೆದಿದ್ದಾನೆ. ಡ್ಯಾರಿಯ ಮೇಲಿನ ಸಿಟ್ಟನ್ನು ಅಳಿಸಿಲ್ಲ. ಅದು ಬಹಳ ಪ್ರಾಮಾಣಿಕ ಕೆಲಸ ಅನ್ನಿಸಿತು ನನಗೆ.

ಕೊರತೆ ಇಲ್ಲ ಅಂತಲ್ಲ. ಚರ್ಚಿನ ಬೆಂಕಿ ಕತೆಗೆ ಬೇಕಾದ ಹೊತ್ತಿಗೆ ಸರಿಯಾಗಿ ಬಂದು ಬೀಳುತ್ತದೆ, ಮಕ್ಕಳೂ ಸರಿಯಾಗಿ ಅಲ್ಲೇ ಇರುತ್ತಾರೆ. ಡ್ಯಾಲಿಯ ಸಾವಿನ ದೃಶ್ಯ ಅಷ್ಟು ಚೆನ್ನಾಗಿದೆ. ಗುಂಡಿಲ್ಲದ ಪಿಸ್ತೂಲನ್ನು ಪೊಲೀಸರ ಕಡೆ ಎತ್ತುತ್ತಾನೆ, ಬೀದಿದೀಪದ ಕೆಳಗೆ ಬೀಳುತ್ತಾನೆ. ಅಷ್ಟೇ ಸಾಕಿತ್ತು. ಅವನಿಗೆ ಸಾಯಬೇಕೇ ಆಗಿತ್ತು ಅಂತ ಹುಡುಗ ಮತ್ತೆ ಬಿಡಿಸಿ ಹೇಳುತ್ತಾನೆ, ಬೇಕಿರಲಿಲ್ಲ. ಹೆಣ್ಣುಮಕ್ಕಳಿಗೆ ಜಾಗ ಬಹಳ ಕಡಿಮೆ. ಚೆರ್ರಿಯೊಬ್ಬಳನ್ನು ಬಿಟ್ಟರೆ ಯಾರೂ ನೆನಪಲ್ಲಿ ಉಳಿಯುವುದಿಲ್ಲ. ಸೋಡಾನ ಗೆಳತಿಯ ಕತೆ ನಾಲ್ಕು ಮಾತಲ್ಲಿ ಮುಗಿದುಹೋಗುತ್ತದೆ. ಬರೆದವಳೇ ಹುಡುಗಿಯಾಗಿದ್ದೂ ಹೀಗಾಯಿತಲ್ಲ ಅಂತ ನಮ್ಮ ಹುಡುಗಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ.

ತಂದೆ ತಾಯಿಗೆ ಒಂದು ಮಾತು. ಈ ಹುಡುಗರು ಸಿಗರೇಟು ಸೇದುತ್ತಾರೆ, ಹದಿನಾಲ್ಕರವನೂ ಸೇದುತ್ತಾನೆ. ಚಾಕು ಇದೆ, ರಕ್ತ ಇದೆ. ಅಮೆರಿಕಾದಲ್ಲಿಯೇ ಕೆಲವು ಶಾಲೆಗಳಲ್ಲಿ ಇದು ಬೇಡ ಅಂದವರಿದ್ದಾರೆ. ನನ್ನನ್ನು ಕೇಳಿದರೆ ಎಂಟನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ಧಾರಾಳವಾಗಿ ಕೊಡಬಹುದು. ಹೊಡೆದಾಟ ಗೆದ್ದ ಮೇಲೂ ಯಾರಿಗೂ ಏನೂ ಸಿಗುವುದಿಲ್ಲ ಅನ್ನುವುದು ಓದಿದ ಮಗುವಿಗೆ ಚೆನ್ನಾಗಿ ತಿಳಿಯುತ್ತದೆ. 1983ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಇದನ್ನು ಸಿನಿಮಾ ಮಾಡಿದ್ದಾರೆ. ಮೊದಲು ಪುಸ್ತಕ ಓದಿಸಿ. ಹನ್ನೆರಡೇ ಅಧ್ಯಾಯ, ದಪ್ಪ ಇಲ್ಲ. ಆಡುಮಾತಿನ ಇಂಗ್ಲಿಷ್, ವಾಕ್ಯ ಚಿಕ್ಕವು. ಗ್ರೀಸರ್, ಸೋಶ್, ರಂಬಲ್ ಅಂದರೆ ಗುಂಪು ಹೊಡೆದಾಟ, ಹೀಗೆ ಹತ್ತು ಪದ ತಿಳಿದರೆ ಮುಂದೆ ಸರಾಗ.

ಇನ್ನು ಪುಸ್ತಕದ ಮೈಕಟ್ಟು. ಹುಡುಗಿ ಆನ್‌ಲೈನ್‌ನಲ್ಲಿ ತರಿಸಿದ ಪ್ರತಿ ಇದು, ಎಲ್ಲ ಪ್ರತಿಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಹಾಳೆ ಪರವಾಗಿಲ್ಲ, ಅಚ್ಚು ಸ್ವಚ್ಛ. ಬೆನ್ನು ಮಾತ್ರ ಸರಿ ಇರಲಿಲ್ಲ. ಹೊಲಿಗೆ ಇಲ್ಲದ, ಬಿಸಿ ಅಂಟಿನ ಬೈಂಡಿಂಗ್. ಅಂಟು ಹಚ್ಚುವ ಮುಂಚೆ ಬೆನ್ನನ್ನು ಚೆನ್ನಾಗಿ ತರಿಯಾಗಿ ಉಜ್ಜಿದರೆ ಅಂಟು ಹಾಳೆಯೊಳಗೆ ಇಳಿಯುತ್ತದೆ. ಇಲ್ಲಿ ಮೇಲೆ ಮೇಲೆ ಕೂತಿತ್ತು, ಉಗುರಿನಿಂದ ಎಳೆದರೆ ಪಟ್ಟಿಯ ಹಾಗೆ ಎದ್ದು ಬಂತು. ಒಳಗಿನ ಮಾರ್ಜಿನ್ ಕೂಡ ಕಡಿಮೆ. ಸಾಲಿನ ಕೊನೆ ಓದಲು ಮಕ್ಕಳು ಪುಸ್ತಕವನ್ನು ಹಿಂದಕ್ಕೆ ಮಡಚುತ್ತಾರೆ, ಆಗ ಬೆನ್ನು ಬಿರಿಯುತ್ತದೆ. ನಿಮ್ಮ ಮನೆಯಲ್ಲೂ ಇಂಥ ಪುಸ್ತಕ ಇದ್ದರೆ ಒಮ್ಮೆಗೇ ಅಗಲವಾಗಿ ತೆರೆಯಬೇಡಿ. ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ, ಹೀಗೆ ನಡುವಿನವರೆಗೆ ಮೆಲ್ಲಗೆ ಒತ್ತುತ್ತಾ ಬನ್ನಿ. ಬೆನ್ನು ಪಳಗುತ್ತದೆ.

ಬಿಡಿ ಹಾಳೆಗಳಾದ್ದರಿಂದ ಫ಼ಾರ್ಮ್ ಹೊಲಿಗೆ ಹಾಕಲು ಬರುವುದಿಲ್ಲ. ಹಾಳೆಗಳನ್ನು ತಟ್ಟಿ ಸಮ ಮಾಡಿ ಎರಡು ರಟ್ಟಿನ ನಡುವೆ ಬಿಗಿದೆ. ಬೆನ್ನಿಗೆ ಗರಗಸದಿಂದ ಐದು ಗೀರು ಎಳೆದು, ಒಂದೊಂದರಲ್ಲೂ ದಾರ ಕೂರಿಸಿ, ಎರಡು ಸಲ ಫೆವಿಕಾಲ್ ಕುಡಿಸಿದೆ. ಮೇಲೆ ಬಟ್ಟೆ. ಹಳೆಯ ಮುಖಪುಟವನ್ನೇ ಹೊಸ ರಟ್ಟಿನ ಮೇಲೆ ಅಂಟಿಸಿದೆ. ರಾತ್ರಿಯೆಲ್ಲ ಭಾರ ಇಟ್ಟೆ. ಕೊನೆಯ ಹಾಳೆಯ ನಂತರ ನಾಲ್ಕು ಖಾಲಿ ಹಾಳೆ ಸೇರಿಸಿದ್ದೇನೆ. ಹುಡುಗಿ ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಅಳಿಸಿ ಹೊಸದಾಗಿ ಬರೆದಳು. ಡ್ಯಾರಿಗೆ ಕೊಟ್ಟ ಚೌಕ ಸಾಲದೆ ಅಂಚಿನವರೆಗೆ ಬರೆದಿದ್ದಾಳೆ.

ಸೂಟಿ ಮುಗಿದು ಮಗಳನ್ನು ಕರೆದೊಯ್ಯಲು ತಮ್ಮ ಬಂದ. ಪುಸ್ತಕವನ್ನು ಅವನ ಕೈಗೇ ಕೊಟ್ಟೆ. “ನೀನೂ ಓದು” ಅಂದೆ, ಬೇರೆ ಏನೂ ಹೇಳಲಿಲ್ಲ. ಎಂಟು ದಿನ ಆದ ಮೇಲೆ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿದ. ಅವ್ವನ ತಿಥಿಯ ಮಾತು, ಮಳೆಯ ಮಾತು ಆಯಿತು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಇದ್ದ.

“ಅಣ್ಣಾ, ಅವತ್ತ ಸ್ಟೇಷನ್ನಿನ್ಯಾಗ ನಾ ಮಲಗಿದ್ದಿಲ್ಲ” ಅಂದ. “ಕಂಬದ ಕಡೆ ನೀ ನಿಂತದ್ದು ಕಾಣತಿತ್ತು.”